ಮೇಣದ ಮೇಲಿನ ಹನ್ನೆರಡು ಮನೆ

ಷಡ್ಜದಿಂದ ಮೇಲಿನ ಷಡ್ಜದವರೆಗಿನ ಒಂದು ಸ್ಥಾಯಿಯನ್ನು ಎಷ್ಟು ಪಾಲು ಮಾಡಬೇಕು ಎಂಬುದಕ್ಕೆ ಲೋಕದಲ್ಲಿ ಒಂದೇ ಉತ್ತರವಿಲ್ಲ. ಪಿಯಾನೊ ಅದನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಡಚ್ ವಿಜ್ಞಾನಿ ಹೈಗನ್ಸ್ 1691ರಲ್ಲಿ 31 ಪಾಲಿನ ಪರವಾಗಿ ಬರೆದ. ಅದರ ಜಾಡು ಹಿಡಿದ ಭೌತವಿಜ್ಞಾನಿ ಫೊಕ್ಕರ್ 1950ರಲ್ಲಿ ಹಾರ್ಲೆಮ್ ಊರಿನ ಮ್ಯೂಸಿಯಂನಲ್ಲಿ 31 ಪಾಲಿನ ಆರ್ಗನ್ನನ್ನೇ ನಿಲ್ಲಿಸಿದ. ತುರ್ಕಿಯ ಶಾಸ್ತ್ರಕಾರರು 53 ಪಾಲಿನ ಲೆಕ್ಕ ಹಿಡಿಯುತ್ತಾರೆ, ಅರಬ್ ದೇಶಗಳ ಹೊಸ ಶಾಸ್ತ್ರ 24 ಎನ್ನುತ್ತದೆ. ನಮ್ಮಲ್ಲಿ ಎರಡು ಸಂಖ್ಯೆಗಳು ಒಟ್ಟಿಗೇ ಬಾಳುತ್ತಿವೆ. ಶಿವಮೊಗ್ಗದ ರಾಗಿಗುಡ್ಡದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರುವ ಹುಡುಗಿ ಹನ್ನೆರಡು ಸ್ವರಸ್ಥಾನಗಳನ್ನೂ ಇಪ್ಪತ್ತೆರಡು ಶ್ರುತಿಗಳನ್ನೂ ಬಾಯಿಪಾಠ ಮಾಡಬೇಕು. ಇವೆರಡರ ಸಂಬಂಧವೇನು ಎಂದು ಕೇಳಿದರೆ ಸಿದ್ಧವಾಗಿರುವ ಉತ್ತರ ಒಂದುಂಟು: ಇಪ್ಪತ್ತೆರಡು ನಮ್ಮ ಋಷಿಗಳದು, ಹನ್ನೆರಡು ಹಾರ್ಮೋನಿಯಂ ಹೊತ್ತು ತಂದದ್ದು, ಬಿಳಿಯರು ನಮ್ಮ ಕಿವಿಯನ್ನು ಒರಟು ಮಾಡಿದರು. ಈ ಉತ್ತರ ಇತಿಹಾಸಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ವಾದ. ಹನ್ನೆರಡು ಮನೆಯನ್ನು ಆರಿಸಿಕೊಂಡದ್ದು ಕನ್ನಡ ನೆಲದ ವೀಣೆ. ಅದೂ ಹಾರ್ಮೋನಿಯಂ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲು, ಕಣ್ಣು ತೆರೆದು, ಕಾರಣ ಕೊಟ್ಟು. ಆ ಆಯ್ಕೆಯ ಕೊರತೆಯನ್ನು ತುಂಬುವ ಉಪಾಯವೂ ಅದೇ ವೀಣೆಯಲ್ಲಿತ್ತು. ಹಾರ್ಮೋನಿಯಂ ಕಿತ್ತುಕೊಂಡದ್ದು ಆ ಉಪಾಯವನ್ನು.

ಮೊದಲು ಇಪ್ಪತ್ತೆರಡರ ಮಾತು. ಭರತನ ನಾಟ್ಯಶಾಸ್ತ್ರ ಎರಡು ವೀಣೆಗಳ ಒಂದು ಪ್ರಯೋಗವನ್ನು ವಿವರಿಸುತ್ತದೆ. ಎರಡನ್ನೂ ಒಂದೇ ಶ್ರುತಿಗೆ ಸೇರಿಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಹೆಜ್ಜೆ ಹೆಜ್ಜೆಯಾಗಿ ಇಳಿಸುತ್ತ ಹೋಗಬೇಕು. ಮೊದಲ ಹೆಜ್ಜೆಗೆ ಪಂಚಮ ಒಂದು ಶ್ರುತಿ ಇಳಿಯುತ್ತದೆ. ಎರಡನೆಯದಕ್ಕೆ ಇಳಿದ ವೀಣೆಯ ಗಾಂಧಾರ ನಿಷಾದಗಳು ನಿಂತ ವೀಣೆಯ ರಿಷಭ ಧೈವತಗಳಲ್ಲಿ ಸೇರುತ್ತವೆ. ಮೂರನೆಯದಕ್ಕೆ ರಿಷಭ ಧೈವತಗಳು ಷಡ್ಜ ಪಂಚಮಗಳಲ್ಲಿ, ನಾಲ್ಕನೆಯದಕ್ಕೆ ಷಡ್ಜ ಮಧ್ಯಮ ಪಂಚಮಗಳು ತಂತಮ್ಮ ಕೆಳಗಿನ ಸ್ವರಗಳಲ್ಲಿ. ಹೀಗೆ ಎರಡು, ಮೂರು, ನಾಲ್ಕು ಶ್ರುತಿಯ ಅಂತರಗಳು ಸಿಕ್ಕಿ ಒಟ್ಟು ಇಪ್ಪತ್ತೆರಡಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದು: ಎರಡನೆಯದರಿಂದ ಮುಂದಿನ ಪ್ರತಿ ಹೆಜ್ಜೆಯ ಅಳತೆಯನ್ನು ತೀರ್ಮಾನಿಸುವುದು ಸ್ವರ ಸ್ವರದಲ್ಲಿ ಕೂಡಿಕೊಳ್ಳುವ ಆ ಗಳಿಗೆ. ಹೆಜ್ಜೆಗಳು ಒಂದೇ ಅಳತೆಯವಾಗಿರಬೇಕೆಂಬ ಒತ್ತಾಯ ಪ್ರಯೋಗದ ಒಳಗೆ ಎಲ್ಲೂ ಬರುವುದಿಲ್ಲ. ಸ್ಥಾಯಿಯನ್ನು 1200 ಸೆಂಟ್ ಎಂದು ಇಟ್ಟುಕೊಳ್ಳೋಣ. ಈ ಅಳತೆಯನ್ನು 1885ರಲ್ಲಿ ಲೋಕಕ್ಕೆ ಕೊಟ್ಟವರು ಇಂಗ್ಲೆಂಡಿನ ಎಲ್ಲಿಸ್. ತಂತಿಯ ಸಹಜ ಸಂವಾದದ ಪ್ರಕಾರ ನಾಲ್ಕು ಶ್ರುತಿಯ ಅಂತರ 204 ಸೆಂಟ್, ಮೂರರದು 182, ಎರಡರದು 112. ಭರತ ಕೊಡುವ 4-3-2-4-4-3-2 ಕ್ರಮದಲ್ಲಿ ಕೂಡಿದರೆ ಸರಿಯಾಗಿ 1200. ಆದರೆ ಮೂರಕ್ಕೂ ನಾಲ್ಕಕ್ಕೂ ನಡುವಿನ ಶ್ರುತಿ 22 ಸೆಂಟ್, ಎರಡಕ್ಕೂ ಮೂರಕ್ಕೂ ನಡುವಿನದು 70. ಒಂದೇ ಹೆಸರು, ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿ ಸಂಗೀತ ರತ್ನಾಕರ ಬರೆದ ಶಾರ್ಙ್ಗದೇವ, ಇಪ್ಪತ್ತೆರಡು ತಂತಿಯ ಶ್ರುತಿವೀಣೆಯನ್ನು ಹೇಳುತ್ತಾನೆ. ಒಂದು ತಂತಿಗೂ ಮುಂದಿನದಕ್ಕೂ ನಡುವೆ ಇನ್ನೊಂದು ನಾದ ತೂರದಷ್ಟು ಹತ್ತಿರದಲ್ಲಿ ಏರಿಸುತ್ತ ಹೋಗಬೇಕು ಎನ್ನುತ್ತಾನೆ. ಅಂದರೆ ಶ್ರುತಿಗಳು ಸಮವೇ ಆಗಬೇಕಲ್ಲ? ಬೊಸಾಂಕೆ ಎಂಬ ಇಂಗ್ಲಿಷ್ ವಿದ್ವಾಂಸ 1877ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಹೀಗೇ ಓದಿ, ಹಿಂದೂ ಸಂಗೀತದ ಇಪ್ಪತ್ತೆರಡನ್ನು ಸಮಪಾಲಿನ ಪದ್ಧತಿಯೆಂದು ವಿವೇಚಿಸಿದ. ಲೆಕ್ಕದ ಮಟ್ಟಿಗೆ ಅದು ಅಂದವಾಗಿದೆ. ಆದರೆ ಅದನ್ನು ತಂಬೂರಿಯ ಮುಂದೆ ಇಡಬೇಕು. ಸಮಪಾಲಾದರೆ ಒಂದೊಂದು ಶ್ರುತಿ ಐವತ್ತನಾಲ್ಕೂವರೆ ಸೆಂಟ್, ಷಡ್ಜದಿಂದ ಹದಿಮೂರು ಶ್ರುತಿ ಮೇಲಿರುವ ಪಂಚಮ 709. ಸಹಜ ಪಂಚಮ 702. ಸೆಕೆಂಡಿಗೆ 130 ಕಂಪನದ ಷಡ್ಜದ ಜತೆ ಈ ಏರಿದ ಪಂಚಮವನ್ನು ಮೀಟಿದರೆ ಸೆಕೆಂಡಿಗೆ ಒಂದೂವರೆ ಸಲಕ್ಕಿಂತ ಹೆಚ್ಚು ನಾದ ತೊನೆಯುತ್ತದೆ. ಬಿರಡೆ ತಿರುಗಿಸಲು ಕಲಿತ ಯಾವ ವಿದ್ಯಾರ್ಥಿಯೂ ಆ ತಂಬೂರಿಯನ್ನು ಹಾಗೇ ಬಿಟ್ಟು ಹಾಡಲಾರ. ಹದಿಮೂರು ಮತ್ತು ಒಂಬತ್ತು ಶ್ರುತಿಯ ಅಂತರಗಳನ್ನು ಸಂವಾದಿ ಎಂದು ಕರೆದದ್ದೂ ಇದೇ ಪರಂಪರೆ. ಸಂವಾದವನ್ನು ಕೆಡಿಸುವ ಸಮಪಾಲನ್ನು ಅದೇ ಪರಂಪರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಾರ್ಙ್ಗದೇವನ ಮಾತು ಕಿವಿಗೆ ಬೇರೆಯಾಗಿ ಕೇಳುವ ಕನಿಷ್ಠ ಏರಿಕೆಯ ಮಾತು. ಅದನ್ನು ಅಳತೆಗೋಲಿನ ಗೀಟು ಎಂದು ಓದಿದ್ದು ನಂತರದವರು.

ಇಷ್ಟಕ್ಕೂ ಶಾರ್ಙ್ಗದೇವನ ಕಾಲಕ್ಕೇ ವಾದ್ಯಗಳ ದಾರಿ ಬೇರೆ ಹಿಡಿದಿತ್ತು. ಭರತನ ವೀಣೆ ಒಂದು ಸ್ವರಕ್ಕೆ ಒಂದು ತಂತಿಯ ವಾದ್ಯ, ಮೆಟ್ಟಿಲಿಲ್ಲದ್ದು. ಅಲ್ಲಿ ಎಷ್ಟು ಶ್ರುತಿ ಬೇಕಾದರೂ ಇಟ್ಟುಕೊಳ್ಳಬಹುದು. ಸಂಗೀತ ರತ್ನಾಕರದ ಕಿನ್ನರಿ ಹಾಗಲ್ಲ. ಅದಕ್ಕೆ ಸೋರೆ ಬುರುಡೆ, ದಂಡಿ, ದಂಡಿಯ ಮೇಲೆ ಹದ್ದಿನ ಮೂಳೆಯ ಮೆಟ್ಟಿಲುಗಳು, ಅವನ್ನು ಹಿಡಿದಿಡಲು ಮೇಣ. ಶರಣರ ನಡುವೆ ಕಿನ್ನರಿ ನುಡಿಸಿಯೇ ಹೆಸರಾದ ಕಿನ್ನರಿ ಬೊಮ್ಮಯ್ಯ ಹನ್ನೆರಡನೆಯ ಶತಮಾನದವನು, ಎಂದರೆ ವಾದ್ಯ ಗ್ರಂಥಕ್ಕಿಂತ ಹಳೆಯದು. ಕರ್ನಾಟಕದ ಕಿನ್ನರಿ ಜೋಗಿಗಳು ಊರೂರು ತಿರುಗಿ ಕಥೆ ಹಾಡುತ್ತ ಆ ವಾದ್ಯವನ್ನು ನಮ್ಮ ಕಾಲದವರೆಗೂ ತಂದಿದ್ದಾರೆ. ಈ ಮೇಣ ನನ್ನ ವಾದಕ್ಕೆ ಬಹಳ ಮುಖ್ಯ. ಮೆಟ್ಟಿಲು ಎಂದರೆ ಸ್ವರಕ್ಕೆ ನಿಶ್ಚಿತ ಜಾಗ. ಮೇಣ ಎಂದರೆ ಆ ಜಾಗವನ್ನು ನಾಳೆ ಕೂದಲೆಳೆಯಷ್ಟು ಸರಿಸಲು ಬಿಟ್ಟ ಅವಕಾಶ. ಮರದಲ್ಲಿ ಕೊರೆದು ಮೆಟ್ಟಿಲು ಕೂರಿಸುವುದು ಗೊತ್ತಿಲ್ಲದ ಬಡಗಿಗಳ ನಾಡಲ್ಲ ಇದು. ಕಲ್ಲಿನಲ್ಲಿ ಬೇಲೂರನ್ನು ಕೆತ್ತಿದವರಿಗೆ ಮರದಲ್ಲಿ ಇಪ್ಪತ್ನಾಲ್ಕು ಗಾಡಿ ಕೊರೆಯುವುದು ಯಾವ ಕಷ್ಟ? ಆದರೂ ಮೇಣವನ್ನೇ ಹಿಡಿದುಕೊಂಡು ಬಂದಿದ್ದಾರೆಂದರೆ, ಸರಿಸುವ ಸ್ವಾತಂತ್ರ್ಯ ಅವರಿಗೆ ಬೇಕಾಗಿತ್ತು ಎಂದೇ ಅರ್ಥ.

ಈಗ 1550ಕ್ಕೆ ಬರೋಣ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಡಳಿತ. ಕೆಳದಿಯ ಸದಾಶಿವ ನಾಯಕ ಅವನ ಪರವಾಗಿ ಯುದ್ಧಗಳಿಗೆ ಹೋಗುತ್ತಿದ್ದ ಕಾಲ, ಅಂದರೆ ಇಂದಿನ ಶಿವಮೊಗ್ಗ ಸೀಮೆ ಹಂಪಿಯ ಸಿಂಹಾಸನಕ್ಕೆ ಕಪ್ಪ ಒಪ್ಪಿಸುತ್ತಿದ್ದ ಕಾಲ. ಲಕ್ಷ್ಯಕ್ಕೂ ಲಕ್ಷಣಕ್ಕೂ, ಹಾಡುವುದಕ್ಕೂ ಪುಸ್ತಕದಲ್ಲಿರುವುದಕ್ಕೂ ಹೊಂದಿಕೆ ತಪ್ಪಿದೆ, ಸರಿಪಡಿಸು ಎಂದು ರಾಮರಾಯ ಹೇಳಿದ್ದರಿಂದ ಶಾಸ್ತ್ರಕಾರ ರಾಮಾಮಾತ್ಯ ಸ್ವರಮೇಳ ಕಲಾನಿಧಿಯನ್ನು ಬರೆದ. ಐದೇ ಪ್ರಕರಣಗಳ ಚಿಕ್ಕ ಗ್ರಂಥ. ಅದರ ವೀಣಾ ಪ್ರಕರಣ ಕರ್ನಾಟಕ ಸಂಗೀತದ ಅತಿ ಮುಖ್ಯ ದಾಖಲೆಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ. ಮೂರು ಬಗೆಯ ವೀಣೆಗಳನ್ನು ಅವನು ಹೇಳುತ್ತಾನೆ. ಶುದ್ಧಮೇಳ, ಮಧ್ಯಮೇಳ, ಹಿಂದಿನ ಅರಸು ಅಚ್ಯುತರಾಯನ ಹೆಸರಿನ ಅಚ್ಯುತರಾಜೇಂದ್ರ ಮೇಳ. ಪ್ರತಿಯೊಂದರಲ್ಲೂ ಎರಡು ವಿಧ: ರಾಗ ಬದಲಾದಾಗ ಮೆಟ್ಟಿಲು ಸರಿಸಿ ಕಟ್ಟುವ ಏಕರಾಗಮೇಳ, ಎಲ್ಲ ರಾಗಗಳಿಗೂ ಒಂದೇ ಕಟ್ಟಿನಲ್ಲಿ ಒದಗುವ ಸರ್ವರಾಗಮೇಳ. ಏಳು ಶುದ್ಧ, ಏಳು ವಿಕೃತ, ಒಟ್ಟು ಹದಿನಾಲ್ಕು ಸ್ವರಗಳನ್ನು ಅವನು ಒಪ್ಪುತ್ತಾನೆ. ಆದರೆ ಮೆಟ್ಟಿಲು ಕಟ್ಟುವಾಗ ಹದಿನಾಲ್ಕಕ್ಕೂ ಜಾಗ ಕೊಡುವುದಿಲ್ಲ. ಅಂತರ ಗಾಂಧಾರಕ್ಕೂ ಅದರ ಮೇಲಿನ ಚ್ಯುತಮಧ್ಯಮ ಗಾಂಧಾರಕ್ಕೂ ಎರಡು ಮೆಟ್ಟಿಲಿಟ್ಟರೆ ಅವು ತೀರ ಒತ್ತೊತ್ತಾಗುತ್ತವೆ, ಆದ್ದರಿಂದ ಒಂದನ್ನೇ ಇಟ್ಟು ಇನ್ನೊಂದಕ್ಕೆ ಅದನ್ನೇ ಪ್ರತಿನಿಧಿಯಾಗಿ ಬಳಸಬಹುದು ಎಂದು ತೀರ್ಮಾನಿಸುತ್ತಾನೆ. ಕಾಕಲಿ ನಿಷಾದಕ್ಕೂ ಹೀಗೇ. ಹದಿನಾಲ್ಕರಲ್ಲಿ ಎರಡು ಕಳೆಯಿತು, ಉಳಿದದ್ದು ಹನ್ನೆರಡು. ಎರಡು ಸ್ವರಗಳ ವ್ಯತ್ಯಾಸ ಗೊತ್ತಿದ್ದವನು, ಅದನ್ನು ಗ್ರಂಥದಲ್ಲಿ ಹೆಸರಿಟ್ಟು ಹೇಳಿದವನು, ಕೈಗೆ ಅನುಕೂಲವಾಗಲೆಂದು ಮಾಡಿಕೊಂಡ ಆಯ್ಕೆ ಇದು. ಕಿವಿ ಒರಟಾಗಿ ಆದದ್ದಲ್ಲ.

ಆ ಆಯ್ಕೆಯ ಹಿಂದಿನ ಒತ್ತಡವನ್ನು ವೀಣೆಯ ಮೇಲೆಯೇ ಲೆಕ್ಕ ಹಾಕಿ ನೋಡಬಹುದು. ಶುದ್ಧಮೇಳ ವೀಣೆಯ ನಾಲ್ಕು ತಂತಿಗಳ ಶ್ರುತಿ ಸ, ಪ, ಸ, ಮ. ಮೆಟ್ಟಿಲು ನೆಟ್ಟಗಿನ ಒಂದು ಕಂಬಿ. ಅದು ನಾಲ್ಕೂ ತಂತಿಗಳ ಕೆಳಗೆ ಹಾದುಹೋಗುತ್ತದೆ, ಒಂದಕ್ಕೆ ಅನುಕೂಲವಾಗುವಂತೆ ಸರಿಸಿದರೆ ಉಳಿದ ಮೂರೂ ಸರಿಯುತ್ತವೆ. ಇಂದಿನ ಸ್ವರನಾಮಗಳಲ್ಲಿ ಹೇಳುವುದಾದರೆ ಮೊದಲ ಮೆಟ್ಟಿಲು ಸ ತಂತಿಯಲ್ಲಿ ಶುದ್ಧ ರಿಷಭ, ಪ ತಂತಿಯಲ್ಲಿ ಶುದ್ಧ ಧೈವತ, ಮ ತಂತಿಯಲ್ಲಿ ಪ್ರತಿಮಧ್ಯಮ ಕೊಡಬೇಕು. ಎರಡನೆಯದು ಮ ತಂತಿಯಲ್ಲಿ ಪಂಚಮ ಕೊಡಬೇಕಾದ್ದರಿಂದ 204 ಸೆಂಟ್‌ನಲ್ಲಿ ನಿಲ್ಲುತ್ತದೆ. ಐದನೆಯದು ಸ ತಂತಿಯಲ್ಲಿ ಮಧ್ಯಮ, 498. ಮೊದಲನೆಯದು ಎಲ್ಲಿ ನಿಲ್ಲಬೇಕು? ಮ ತಂತಿಯ ಮೂರನೆಯ ಮೆಟ್ಟಿಲಿನ ಧೈವತವೂ ಪ ತಂತಿಯ ಮೊದಲ ಮೆಟ್ಟಿಲಿನ ಧೈವತವೂ ಒಂದೇ ಆಗಬೇಕು. ಹಾಗೆಯೇ ಪ ತಂತಿಯ ಮೂರನೆಯದರ ಕೈಶಿಕಿ ನಿಷಾದವೂ ಮ ತಂತಿಯ ಐದನೆಯದರ ಕೈಶಿಕಿ ನಿಷಾದವೂ ಒಂದೇ ಆಗಬೇಕು. ಈ ದಾರಿಯಲ್ಲಿ ಹೋದರೆ ಮೊದಲ ಮೆಟ್ಟಿಲಿಗೆ ಬರುವ ಜಾಗ 90 ಸೆಂಟ್. ಇನ್ನೊಂದು ದಾರಿ ಕಾಕಲಿ ನಿಷಾದದ್ದು. ಅದು ಪ ತಂತಿಯ ನಾಲ್ಕನೆಯದರಲ್ಲೂ (ಎರಡನೆಯದರ ಇಮ್ಮಡಿ, 408 ಸೆಂಟ್) ಮ ತಂತಿಯ ಆರನೆಯದರಲ್ಲೂ ಸಿಗುತ್ತದೆ, ಎರಡೂ ಒಂದಾಗಬೇಕೆಂದು ಹೊರಟರೆ ಅದೇ ಮೊದಲ ಮೆಟ್ಟಿಲಿಗೆ 114 ಸೆಂಟ್ ಬರುತ್ತದೆ. ಒಂದೇ ಕಂಬಿ ಏಕಕಾಲಕ್ಕೆ ಎರಡು ಕಡೆ ನಿಲ್ಲಲಾರದು. ನಡುವೆ ಎಲ್ಲೋ ನೂರರ ಆಸುಪಾಸಿನಲ್ಲಿ ನಿಲ್ಲಿಸಬೇಕು, ಎರಡೂ ಕಡೆ ಹನ್ನೆರಡು ಸೆಂಟ್‌ನಷ್ಟು ಸೈರಿಸಬೇಕು. ಇಂದಿನ ಸ-ಪ-ಸ-ಪ ಶ್ರುತಿಯ ವೀಣೆಯಲ್ಲೂ ಗಂಟು ಇದೇ, ಎರಡನೆಯ ಮೆಟ್ಟಿಲಿಗೆ ಬಂದು ಬೀಳುತ್ತದೆ ಅಷ್ಟೆ. ಪಂಚಮದ ಮೇಲೆ ಪಂಚಮ ಹನ್ನೆರಡು ಸಲ ಏರಿಸಿದರೆ ಮರಳಿ ಷಡ್ಜಕ್ಕೆ ಬರುವುದಿಲ್ಲ, ಸುಮಾರು 24 ಸೆಂಟ್ ಮಿಗುತ್ತದೆ ಎಂಬ ನಾದದ ಮೂಲಭೂತ ತೊಡಕು ಇಲ್ಲಿ ಮರ ಮತ್ತು ಲೋಹದ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ವಿಜಯನಗರದವರು ಪಿಯಾನೊದ ಸಮಪಾಲನ್ನೇ ಕಂಡುಕೊಂಡಿದ್ದರೇ ಎಂದು ಯಾರಾದರೂ ಕೇಳಬಹುದು. ಇಲ್ಲ, ಹಾಗೆ ಹೇಳುವುದು ಇನ್ನೊಂದು ಬಗೆಯ ಅತಿ. ಅದೇ ಶತಮಾನದಲ್ಲಿ ಯೂರೋಪಿನ ಲ್ಯೂಟ್ ವಾದ್ಯಕ್ಕೂ ಇದೇ ಸಂಕಟ ಬಂದಿತ್ತು. ಖಗೋಳಜ್ಞ ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ 1581ರ ಗ್ರಂಥದಲ್ಲಿ ಪ್ರತಿ ಮೆಟ್ಟಿಲನ್ನೂ ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲಿಗೆ ಇಡಿ ಎಂಬ ನಿಯಮ ಕೊಟ್ಟ. ಅದರಿಂದ ಒಂದೊಂದು ಮನೆ 99 ಸೆಂಟ್ ಬರುತ್ತದೆ. ಚೀನಾದ ರಾಜಕುಮಾರ ಝೂ ಝೈಯು 1584ರಲ್ಲಿ ಎರಡರ ಹನ್ನೆರಡನೆಯ ಮೂಲವನ್ನೇ ಲೆಕ್ಕ ಹಾಕಿ ತೋರಿಸಿದ. ರಾಮಾಮಾತ್ಯನ ಹತ್ತಿರ ಇಂತಹ ಭಿನ್ನರಾಶಿಯಿಲ್ಲ, ಅವನು ಬೇಡಿಯೂ ಇಲ್ಲ. ಅವನ ಆಧಾರ ಸ್ವಯಂಭೂ ಸ್ವರ, ಅಂದರೆ ಒಂದು ತಂತಿಗೆ ಇನ್ನೊಂದು ತಾನಾಗಿ ದನಿಗೂಡುವ ಸ್ವರ. ಕಿವಿಯಿಂದ ಕಿವಿಗೆ ಸರಿಹೊಂದಿಸುತ್ತ ಹೋಗಿ, ಹೊಂದದ ಕಡೆ ಮೇಣವನ್ನು ಒತ್ತಿ ರಾಜಿ ಮಾಡಿಕೊಳ್ಳುವುದು ಅವನ ದಾರಿ. ಫಲ ಹನ್ನೆರಡು ಮನೆ, ಹೆಚ್ಚುಕಡಿಮೆ ಸಮ. ಆ ಹೆಚ್ಚುಕಡಿಮೆಯಲ್ಲೇ ಎಲ್ಲ ಇದೆ. ಲೆಕ್ಕದವನು ಎಲ್ಲ ಮನೆಗಳಿಗೂ ಒಂದೇ ನಷ್ಟ ಹಂಚುತ್ತಾನೆ. ಮೇಳ ಕಟ್ಟುವವನು ಯಾವ ಸ್ವರ ಎಷ್ಟು ಬಳಕೆಯಲ್ಲಿದೆ ಎಂದು ನೋಡಿ ಹಂಚುತ್ತಾನೆ.

ಈ ಹನ್ನೆರಡು ಎಷ್ಟು ಆಳಕ್ಕೆ ಬೇರು ಬಿಟ್ಟಿತೆಂದರೆ ಮುಂದಿನ ನೂರು ವರ್ಷಗಳ ಶಾಸ್ತ್ರವೆಲ್ಲ ಅದರ ಮೇಲೆ ನಿಂತಿತು. ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನವನಾದ ಪುಂಡರೀಕ ವಿಠ್ಠಲ ಖಾಂದೇಶದ ಫಾರೂಕಿ ಅರಸರ ಆಶ್ರಯಕ್ಕೆ, ಅಲ್ಲಿಂದ ಅಕ್ಬರನ ಸರದಾರರಾದ ಕಛವಾಹರ ಆಶ್ರಯಕ್ಕೆ ಹೋದಾಗ ದಕ್ಷಿಣದ ಈ ಮೆಟ್ಟಿಲು ವಿದ್ಯೆಯನ್ನು ಉತ್ತರಕ್ಕೆ ಒಯ್ದ. ಕನ್ನಡ ಮನೆತನದ ಗೋವಿಂದ ದೀಕ್ಷಿತ ಮಂತ್ರಿಯಾಗಿದ್ದ ತಂಜಾವೂರಿನಲ್ಲಿ ರಘುನಾಥ ನಾಯಕನ ಹೆಸರಿನ ವೀಣೆ ಇಪ್ಪತ್ನಾಲ್ಕು ಮೆಟ್ಟಿಲುಗಳ ಸರ್ವರಾಗಮೇಳವಾಗಿ ಗಟ್ಟಿಯಾಯಿತು. ದೀಕ್ಷಿತನ ಮಗ ವೆಂಕಟಮಖಿ ಚತುರ್ದಂಡಿ ಪ್ರಕಾಶಿಕೆಯಲ್ಲಿ ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಕೊಟ್ಟು ಎಪ್ಪತ್ತೆರಡು ಮೇಳಗಳನ್ನು ಎಣಿಸಿದ. ರಾಮಾಮಾತ್ಯನನ್ನು ಅವನು ಕಟುವಾಗಿ ಖಂಡಿಸುತ್ತಾನೆ, ಆದರೆ ಅವನ ಹನ್ನೆರಡು ಮನೆಯನ್ನು ಬಿಡುವುದಿಲ್ಲ. ಇತ್ತ ಮಲೆನಾಡಿನಲ್ಲಿ ಕೆಳದಿಯ ಬಸಪ್ಪ ನಾಯಕ 1709ರಲ್ಲಿ ಶಿವತತ್ತ್ವ ರತ್ನಾಕರ ಎಂಬ ವಿಶ್ವಕೋಶವನ್ನು ಸಂಕಲಿಸಿದಾಗ ಅರಮನೆ, ಅಶ್ವಶಾಸ್ತ್ರ, ಅಡುಗೆಯ ಜತೆ ಸಂಗೀತ ನಾಟ್ಯಗಳಿಗೂ ಜಾಗ ಕೊಟ್ಟ. ಶಾಸ್ತ್ರ ಆಸ್ಥಾನದಿಂದ ಆಸ್ಥಾನಕ್ಕೆ ದಾಟುತ್ತಿದ್ದ ಆ ದಿನಗಳಲ್ಲಿ ಈ ಸೀಮೆಯಲ್ಲಿ ಯಾವ ಪಿಯಾನೊವೂ ಇರಲಿಲ್ಲ.

ಹನ್ನೆರಡು ಮನೆ ಸಾಕಾದದ್ದು ಹೇಗೆ? ಇಲ್ಲಿ ಎರಡನೆಯ ಉಪಾಯ ಬರುತ್ತದೆ. ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದರೆ ನಾದ ಏರುತ್ತದೆ, ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರ ಮೇಲಕ್ಕೆ ಹೋಗಬಹುದು. ರಾಮಾಮಾತ್ಯ ಮೆಟ್ಟಿಲು ಕೊಡದೆ ಬಿಟ್ಟ ತಗ್ಗಿನ ಗಾಂಧಾರವನ್ನೇ ನೋಡಿ. ಮೇಲೆ ಮಾಡಿದ ಲೆಕ್ಕದಲ್ಲಿ ನಾಲ್ಕನೆಯ ಮೆಟ್ಟಿಲು 408 ಸೆಂಟ್‌ಗೆ ಹೋಗಿ ನಿಲ್ಲುತ್ತದೆ. ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮುವ ಗಾಂಧಾರ 386. ಎಳೆದರೆ ನಾದ ಏರುವುದೇ ಹೊರತು ಇಳಿಯುವುದಿಲ್ಲವಾದ್ದರಿಂದ ವೈಣಿಕರು ಕೆಳಗಿನ ಮೆಟ್ಟಿಲಿನಿಂದ ಎಳೆದು ಆ ಗಾಂಧಾರವನ್ನು ತಂದುಕೊಳ್ಳುತ್ತಾರೆ. ಇನ್ನು ತೋಡಿಯ ಗಾಂಧಾರ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತ ಬದುಕುವ ಸ್ವರ. ಅದಕ್ಕೆ 22ರಲ್ಲಿ ಯಾವ ಮನೆ, 53ರಲ್ಲಿ ಯಾವ ಮನೆ ಎಂದು ಹುಡುಕುವುದೇ ದಾರಿ ತಪ್ಪಿದ ಹುಡುಕಾಟ. ಗೌಳದ ರಿಷಭ, ವರಾಳಿಯ ಗಾಂಧಾರ, ಬೇಗಡೆಯ ನಿಷಾದ ಇವಕ್ಕೆ ತಮ್ಮದೇ ಜಾಗಗಳಿವೆ, ತಮ್ಮದೇ ಚಲನೆಯೂ ಇದೆ. ಜೈರಾಜ್‌ಭಾಯ್ ಮತ್ತು ಸ್ಟೋನ್ 1963ರಲ್ಲಿ, ಮಾರ್ಕ್ ಲೆವಿ 1982ರಲ್ಲಿ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಯಂತ್ರದಿಂದ ಅಳೆದು ನೋಡಿದರು. ಒಂದೇ ಸ್ವರ ಕಲಾವಿದನಿಂದ ಕಲಾವಿದನಿಗೆ, ಒಬ್ಬನ ಒಂದೇ ಆಲಾಪದ ಒಳಗೂ ಬದಲಾಗುತ್ತಿತ್ತು. ಅಳತೆಗೆ ಇಪ್ಪತ್ತೆರಡು ಗೂಟಗಳು ಸಿಗಲಿಲ್ಲ. ಮೈಸೂರು ಬಾನಿಯಲ್ಲಿ ತಂತಿ ಎಳೆಯುವುದು ತಂಜಾವೂರಿಗಿಂತ ಕಡಿಮೆ, ಮೀಟೂ ಜಾರೂ ಹೆಚ್ಚು, ಹಾಗಿದ್ದಮೇಲೆ ಈ ವಾದ ವೀಣೆ ಶೇಷಣ್ಣನವರ ಪರಂಪರೆಗೆ ಒಪ್ಪುತ್ತದೆಯೇ ಎಂಬ ಸಂದೇಹ ನ್ಯಾಯವಾದದ್ದು. ಎಳೆತ ಕಡಿಮೆಯಾದ ಕಡೆ ಮೆಟ್ಟಿಲಿನ ಜಾಗವೇ ನೇರವಾಗಿ ಕಿವಿಗೆ ಬೀಳುತ್ತದೆ, ಹಾಗಾಗಿ ಮೇಣದ ಬೆಲೆ ಅಲ್ಲಿ ಇನ್ನೂ ಹೆಚ್ಚು ಎಂಬುದೇ ನನ್ನ ಉತ್ತರ.

ಈ ಹಿನ್ನೆಲೆಯಲ್ಲಿ ಹಾರ್ಮೋನಿಯಂ ಬಂದದ್ದನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಲ್ಕತ್ತೆಯಲ್ಲಿ ಕೈ ಹಾರ್ಮೋನಿಯಂ ತಯಾರಾಗತೊಡಗಿದ ಮೇಲೆ ಅದು ಹಬ್ಬಿದ ವೇಗಕ್ಕೆ ಕಾರಣ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರಲ್ಲಿ ಕ್ಯಾಂಪ್ ಹಾಕಿ, ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ರಾತ್ರಿಯಿಡೀ ಹಾಡಬೇಕಾಗಿದ್ದಾಗ ಕಾಲಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ ನಟನಿಗೆ ಶ್ರುತಿಯನ್ನೂ ಧೈರ್ಯವನ್ನೂ ಕೊಟ್ಟಿತು. ಯಕ್ಷಗಾನದಲ್ಲಿ ಹಿಂದೆ ಪುಂಗಿ ಹಿಡಿಯುತ್ತಿದ್ದ ಶ್ರುತಿಯ ಜಾಗಕ್ಕೂ ಅದೇ ಬಂತು. ಹನ್ನೆರಡು ಮನೆ ನಮಗೆ ಮೊದಲೇ ಪರಿಚಿತವಾಗಿದ್ದರಿಂದಲೇ ಅದು ಇಷ್ಟು ಸಲೀಸಾಗಿ ಒಳಗೆ ಬಂತು ಎಂಬುದನ್ನು ಮರೆಯಬಾರದು. ಆದರೆ ಅದರ ರೀಡು ಹಿತ್ತಾಳೆಯದು, ಫ್ಯಾಕ್ಟರಿಯಲ್ಲಿ ಕೆರೆದು ಕೂರಿಸಿದ್ದು. ಮೇಣವಿಲ್ಲ, ಎಳೆತವಿಲ್ಲ. ಪಂಚಮ ಎರಡೇ ಸೆಂಟ್ ತಗ್ಗು, ಅದು ಯಾರಿಗೂ ಹೊರೆಯಲ್ಲ. ಗಾಂಧಾರ ಮಾತ್ರ ತಂಬೂರಿಗಿಂತ 14 ಸೆಂಟ್ ಮೇಲೆ. 130ರ ಷಡ್ಜದಲ್ಲಿ ಸೆಕೆಂಡಿಗೆ ಐದು ಸಲ ನಾದ ಕಿತ್ತಾಡುತ್ತದೆ. ಈ ಕೊರತೆಯನ್ನು ಕಂಡವರಲ್ಲಿ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಪ್ರಮುಖರು. ದೇವಲ್ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಮೇಲೆ ಪುಸ್ತಕ ಬರೆದರು, ಮುಂದೆ ಇಬ್ಬರೂ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಅಳತೆಗೆ ಸ್ವರ ಹಾಡಿಕೊಟ್ಟವರು ಅಬ್ದುಲ್ ಕರೀಂ ಖಾನರು, ಕುಂದಗೋಳದ ಸವಾಯಿ ಗಂಧರ್ವರ ಗುರು, ಮೈಸೂರು ಅರಮನೆಗೆ ಹೋಗಿಬರುತ್ತಿದ್ದವರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಆ ಪೆಟ್ಟಿಗೆಯ ಪರೀಕ್ಷೆ ನಡೆಯಿತು. ಸಂಗೀತ ವಿದ್ವಾಂಸ ಭಾತಖಂಡೆಯವರು ಒಪ್ಪಲಿಲ್ಲ, ಪೆಟ್ಟಿಗೆ ಊರು ಸೇರಲಿಲ್ಲ. ಒಳ್ಳೆಯ ಕಿವಿ, ಒಳ್ಳೆಯ ಉದ್ದೇಶ, ಅಪಾರ ಶ್ರಮ ಎಲ್ಲ ಇದ್ದೂ ಅದು ಸೋತದ್ದಕ್ಕೆ ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಸ್ವರ ಚಲಿಸುವುದಿಲ್ಲ ಎಂಬ ರೋಗಕ್ಕೆ ಮನೆಗಳ ಸಂಖ್ಯೆ ಹೆಚ್ಚಿಸುವುದು ಮದ್ದಲ್ಲ. ಇಪ್ಪತ್ತೆರಡು ಕಡೆ ನಿಂತರೂ ನಿಂತದ್ದು ನಿಂತದ್ದೇ.

ಎದುರು ದಿಕ್ಕಿನ ಅತಿಯೂ ನಡೆಯಿತು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು. ಆಗ ಅದರ ಮುಖ್ಯಸ್ಥ ಲಯನಲ್ ಫೀಲ್ಡನ್. ಆನಂದ ಕುಮಾರಸ್ವಾಮಿ ಈ ವಾದ್ಯವನ್ನು ಆ ಮೊದಲೇ ಟೀಕಿಸಿದ್ದರು, ರವೀಂದ್ರನಾಥ ಠಾಕೂರರ ಬೆಂಬಲವೂ ನಿಷೇಧಕ್ಕಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಖಾಸಗಿಯಾಗಿ ಶುರುಮಾಡಿದ ಆಕಾಶವಾಣಿ 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿದಾಗ ಈ ನಿಯಮ ಅಲ್ಲಿಗೂ ಬಂತು. 1965ರಲ್ಲಿ ಭದ್ರಾವತಿ ಕೇಂದ್ರ ಪ್ರಸಾರ ಆರಂಭಿಸಿದಾಗಲೂ ನಿಯಮ ಜಾರಿಯಲ್ಲಿತ್ತು, ಸಡಿಲವಾದದ್ದು 1971ರಲ್ಲಿ, ಅದೂ ಭಾಗಶಃ. ಹೀಗೆ ಮಲೆನಾಡಿನ ಭಜನೆ, ನಾಟಕದ ಹಾಡು, ಆಟದ ಹಿಮ್ಮೇಳಗಳಲ್ಲೆಲ್ಲ ಇದ್ದ ವಾದ್ಯಕ್ಕೆ ಅದೇ ಸೀಮೆಯ ಬಾನುಲಿಯಲ್ಲಿ ಕೆಲವು ವರ್ಷ ಬಾಗಿಲು ಮುಚ್ಚಿತ್ತು. ನಿಷೇಧಿಸಿದವರ ಕಿವಿ ತಪ್ಪಲ್ಲ, ಇತಿಹಾಸ ತಪ್ಪು. ಹನ್ನೆರಡನ್ನೇ ಪರಕೀಯ ಎಂದು ತಿಳಿದದ್ದರಿಂದ, ಶ್ರುತಿ ಹಿಡಿಯುವ ಕೆಲಸಕ್ಕೂ ಸ್ವರದ ತೂಗಾಟವಾದ ಗಮಕವನ್ನು ಅನುಸರಿಸುವ ಕೆಲಸಕ್ಕೂ ಇರುವ ಭೇದ ಅವರಿಗೆ ಕಾಣದೆ ಹೋಯಿತು. ಮೊದಲನೆಯದಕ್ಕೆ ಹಾರ್ಮೋನಿಯಂ ಯೋಗ್ಯ, ಎರಡನೆಯದಕ್ಕೆ ಅಲ್ಲ. ತುಂಗೆಯ ದಡದ ಮತ್ತೂರು ಹೊಸಹಳ್ಳಿಗಳಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ ನೋಡಿ. ಷಟ್ಪದಿಯ ಪದ್ಯ ರಾಗದಿಂದ ರಾಗಕ್ಕೆ ಹೊರಳುತ್ತ ಹೋಗುತ್ತದೆ, ಕೆಳಗೆ ಬೇಕಾದದ್ದು ಅಲುಗದ ಒಂದು ಷಡ್ಜ ಮಾತ್ರ. ಉಳಿದ ಸ್ವರಗಳ ಜಾಗವನ್ನು ಗಮಕಿಯ ಕಂಠ ತಾನೇ ಗೊತ್ತುಮಾಡುತ್ತದೆ.

ಇಂದಿನ ಆಕ್ಷೇಪ ಹೊಸ ರೂಪದ್ದು. ಬೆಂಗಳೂರಿನ ಜಿ. ರಾಜನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿ ದಶಕಗಳಾದವು, ಕೀಬೋರ್ಡುಗಳಲ್ಲಿ ಒಂದೊಂದು ಮನೆಯನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು, 22 ಬೇಕೆಂದರೆ 22, 53 ಬೇಕೆಂದರೆ 53, ಇನ್ನೇಕೆ ರಾಜಿ ಎಂದು ಕೆಲವರು ಕೇಳುತ್ತಾರೆ. ಒಪ್ಪತಕ್ಕ ಮಾತು. ಸಮಪಾಲುಗಳಲ್ಲೇ ಒಂದನ್ನು ಆರಿಸಲೇಬೇಕೆಂದರೆ 53 ನಿಸ್ಸಂದೇಹವಾಗಿ ಶುದ್ಧ. ಅದರ ಪಂಚಮಕ್ಕೂ ಸಹಜ ಪಂಚಮಕ್ಕೂ ಸೆಂಟಿನ ಹತ್ತನೆಯ ಒಂದು ಪಾಲಿನಷ್ಟೂ ವ್ಯತ್ಯಾಸವಿಲ್ಲ, ಗಾಂಧಾರದ ತಪ್ಪು ಒಂದೂವರೆ ಸೆಂಟಿನ ಒಳಗೆ. ಸಮಪಾಲಿನ 22 ಪಂಚಮದಲ್ಲೇ ಎಡವುವುದರಿಂದ ನಮ್ಮ ಸಂಗೀತಕ್ಕೆ ಅತ್ಯಂತ ಅನನುಕೂಲವಾದದ್ದು, ಹೆಸರು ಎಷ್ಟೇ ಪೂಜ್ಯವಾಗಿದ್ದರೂ. ಆದರೆ ಒಂದು ರಾಗಕ್ಕೆ ಐವತ್ತಮೂರು ಮನೆ ಬೇಡ. ಬೇಕಾದದ್ದು ಐದರಿಂದ ಹತ್ತು, ಆ ರಾಗಕ್ಕೆ ಹೊಂದಿಸಿದವು. ಮೋಹನಕ್ಕೆ ಒಂದು ಗಾಂಧಾರ, ಶಂಕರಾಭರಣಕ್ಕೆ ಇನ್ನೊಂದು ಎಂದು ಕೀಬೋರ್ಡನ್ನು ಹೊಂದಿಸುವುದು ಎಂದರೆ ರಾಮಾಮಾತ್ಯ ಹೇಳಿದ ಏಕರಾಗಮೇಳಕ್ಕೆ ಮರಳುವುದು. ಆ ದಾರಿಯನ್ನು ವೀಣೆಯವರು ನಾಲ್ಕು ಶತಮಾನಗಳ ಹಿಂದೆಯೇ ಬಿಟ್ಟರು. ಕಛೇರಿಯ ನಡುವೆ ರಾಗ ಬದಲಾದಾಗ ಮೆಟ್ಟಿಲು ಸರಿಸುತ್ತ ಕೂರಲಾಗದು ಎಂಬ ಕಾರಣ ಅವರಿಗಿತ್ತು. ಗುಂಡಿಯೊತ್ತಿದರೆ ಸರಿಯುವ ಕಾಲದಲ್ಲಿ ಆ ಕಾರಣ ಉಳಿದಿಲ್ಲ, ಆದ್ದರಿಂದ ಆ ದಾರಿ ಮತ್ತೆ ತೆರೆದುಕೊಳ್ಳುವುದನ್ನು ನಾನು ಸಂತೋಷದಿಂದ ಸ್ವಾಗತಿಸುತ್ತೇನೆ. ಹಾಗಿದ್ದೂ ನನ್ನ ಒಲವು ಎಲ್ಲಿ ಎಂದು ಕೇಳಿದರೆ, ಹನ್ನೆರಡು ಅಸಮ ಮನೆ ಮತ್ತು ಎಳೆಯಬಲ್ಲ ತಂತಿ ಎಂದೇ ಹೇಳುತ್ತೇನೆ.

ಆ ಕಾರಣಕ್ಕೇ ವೀಣೆ ತಯಾರಿಕೆಯಲ್ಲಿ ಈಗ ಬರುತ್ತಿರುವ ಒಂದು ಬದಲಾವಣೆ ನನಗೆ ಹಾರ್ಮೋನಿಯಂಗಿಂತ ಹೆಚ್ಚು ಚಿಂತೆಯ ವಿಷಯ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ದಂಡಿಯ ಎರಡು ಅಂಚಿಗೆ ಕಟ್ಟಿ, ಒಂದೊಂದೇ ಮೆಟ್ಟಿಲನ್ನು ಕಿವಿಗೊಟ್ಟು ಕೂರಿಸುವ ಮೇಳ ಕಟ್ಟುವ ಕೆಲಸ ನಿಧಾನದ್ದು. ಬೇಸಗೆಯಲ್ಲಿ ಮೇಣ ಸಡಿಲವಾಗಿ ಮತ್ತೆ ಕಟ್ಟಿಸಬೇಕಾಗುತ್ತದೆ, ಕಟ್ಟಬಲ್ಲವರು ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಮೇಣವಿಲ್ಲದ, ಮೆಟ್ಟಿಲುಗಳನ್ನು ಸ್ಕ್ರೂ ಹಾಕಿ ಬಿಗಿದ ವೀಣೆಗಳು ಬಂದಿವೆ. ವಿಮಾನದಲ್ಲಿ ಒಯ್ಯುವವರಿಗೆ, ವಿದೇಶದ ಚಳಿ ಬಿಸಿಲಲ್ಲಿ ನುಡಿಸುವವರಿಗೆ ಅವು ನಿಜವಾದ ಅನುಕೂಲ. ಮೆಟ್ಟಿಲುಗಳನ್ನು ಒಂದೊಂದಾಗಿ ಸಡಿಲಿಸಿ ಸರಿಸುವಂತೆ ಮಾಡಿದ್ದರೆ ತಕರಾರಿಲ್ಲ, ಅದು ಮೇಣದ ಕೆಲಸವನ್ನೇ ಲೋಹದಲ್ಲಿ ಮಾಡಿದ ಹಾಗೆ. ಎರಡರ ಹನ್ನೆರಡನೆಯ ಮೂಲದ ಪಟ್ಟಿ ನೋಡಿ ಕೊರೆದು, ಮತ್ತೆ ಅಲುಗದಂತೆ ಮಾಡಿದ್ದರೆ ಮಾತ್ರ ಅದನ್ನು ಕೊಳ್ಳುವವರು ಒಂದು ಪ್ರಶ್ನೆ ಕೇಳಿ ಮುಂದುವರಿಯಬೇಕು: ನಾಲ್ಕನೆಯ ಮೆಟ್ಟಿಲಿನ ಗಾಂಧಾರ ನನ್ನ ತಂಬೂರಿಗೆ ಕೂಡದಿದ್ದರೆ, ಅದನ್ನು ಸರಿಸಲು ಇಲ್ಲಿ ಏನು ವ್ಯವಸ್ಥೆ ಇದೆ?